ಲಗಾಮು ಹಿಡಿದ ಕೈ

ನಾನು ಕುದುರೆಯನ್ನೇರಿದ್ದು ಜನ್ಮದಲ್ಲಿ ಒಂದೇ ಒಂದು ಸಲ. ಅದೂ ನನ್ನ ಮದುವೆಯ ದಿನ. ನಮ್ಮ ಬೀದರ ಸೀಮೆಯಲ್ಲಿ ವರನಾದವನಿಗೆ ಇದು ತಪ್ಪಿದ್ದಲ್ಲ. ಅಕ್ಷತೆ ಬೀಳುವುದಕ್ಕೆ ಮುಂಚೆ ಅವನನ್ನು ಕುದುರೆಯ ಮೇಲೆ ಹೇರಿ, ಬಾಜಾಬಜಂತ್ರಿಯೊಡನೆ ಹನುಮಂತದೇವರ ಗುಡಿಯವರೆಗೆ ಮೆರೆಸಿಕೊಂಡು ಬರುತ್ತಾರೆ. 'ಹೇರಿ' ಎಂಬ ಮಾತನ್ನು ತಿಳಿದೇ ಬಳಸಿದ್ದೇನೆ. ಭಾಲ್ಕಿಯಲ್ಲಿ ನನ್ನ ಮಾವನವರ ಮನೆಯ ಮುಂದೆ ನಾಲ್ಕು ಜನ ಸೇರಿ ನನ್ನನ್ನೆತ್ತಿ ಆ ಪ್ರಾಣಿಯ ಬೆನ್ನ ಮೇಲೆ ಇಟ್ಟಾಗ ನನ್ನ ಒಂದು ಕೈಯಲ್ಲಿ ತುದಿಗೆ ನಿಂಬೆಹಣ್ಣು ಚುಚ್ಚಿದ ಕಠಾರಿ. ಇನ್ನೊಂದು ಕೈಯಲ್ಲಿ ಪ್ರಾಣ. ಅಂದಿನ ಫೋಟೋಗಳು ಆಲ್ಬಮ್ಮಿನಲ್ಲಿ ಇಂದಿಗೂ ಇವೆ. ಮನೆಗೆ ಬಂದ ನೆಂಟರಿಗೆಲ್ಲ ನನ್ನಾಕೆ ಅವನ್ನು ತೋರಿಸುತ್ತಾಳೆ. ನನ್ನ ಮುಖದ ಭೀತಿಯನ್ನು ಕಂಡು ಎಲ್ಲರೂ ನಗುತ್ತಾರೆ. ಮದುವೆಗೆ ಹೆದರಿದ್ದೋ ಕುದುರೆಗೆ ಹೆದರಿದ್ದೋ ಎಂದು ಕೇಳುತ್ತಾರೆ. ಇಪ್ಪತ್ತು ವರ್ಷ ನಾನೂ ಅವರೊಡನೆ ನಕ್ಕಿದ್ದೇನೆ. ಆ ಚಿತ್ರಗಳ ಅಂಚಿನಲ್ಲಿ, ಮೊಳಕೈಯವರೆಗೆ ಮಾತ್ರ ಕಾಣುವ, ಲಗಾಮು ಹಿಡಿದ ಒಂದು ಕೈ ಇದೆಯೆಂಬುದನ್ನು ಈ ಇಪ್ಪತ್ತು ವರ್ಷದಲ್ಲಿ ನಾನಾಗಲಿ ನನ್ನಾಕೆಯಾಗಲಿ ನೆಂಟರಾಗಲಿ ಗಮನಿಸಿರಲಿಲ್ಲ.

ಗಮನಿಸುವಂತಾದದ್ದು ನನ್ನ ಕ್ಯಾಮೆರಾದ ದೆಸೆಯಿಂದ. ನಲವತ್ತು ದಾಟಿದ ಮೇಲೆ ಮನುಷ್ಯನಿಗೆ ಯಾವುದಾದರೊಂದು ಗೀಳು ಹತ್ತುತ್ತದೆ. ಕೆಲವರು ಸಕ್ಕರೆ ಕಾಯಿಲೆಯ ಭಯದಿಂದ ಕೋಟೆಯ ಸುತ್ತ ನಡೆಯುತ್ತಾರೆ. ಕೆಲವರು ನಿವೇಶನ ಕೊಳ್ಳುತ್ತಾರೆ. ನಾನು ಕ್ಯಾಮೆರಾ ಕೊಂಡೆ. ಕನ್ನಡ ಮೇಷ್ಟರಾದ ತಪ್ಪಿಗೆ ನನಗೆ ಪದಾರ್ಥಕ್ಕಿಂತ ಮೊದಲು ಪದವೇ ಕಣ್ಣಿಗೆ ಬೀಳುತ್ತದೆ. ಫೋಟೋಗ್ರಫಿ ಎಂಬ ಮಾತಿಗೆ ಗ್ರೀಕ್ ಮೂಲದಲ್ಲಿ 'ಬೆಳಕಿನ ಬರಹ' ಎಂದು ಅರ್ಥ. ನಾವು ಅದನ್ನು ಛಾಯಾಚಿತ್ರ ಎಂದೆವು. ಛಾಯೆ ಎಂದರೆ ಬಿಂಬವೂ ಹೌದೆಂದು ಪಂಡಿತರು ಆಕ್ಷೇಪಿಸಬಹುದು; ಒಪ್ಪಿದೆ. ಆದರೂ ಅವರಿಗೆ ಬೆಳಕು ಕಂಡಲ್ಲಿ ನಮಗೆ ನೆರಳು ಕಂಡಿತಲ್ಲ, ಇದೆಂಥ ಅನುವಾದ ಎಂದು ತರಗತಿಯಲ್ಲಿ ಹಾಸ್ಯ ಮಾಡಿ ಹುಡುಗರನ್ನು ನಗಿಸುತ್ತಿದ್ದೆ. ಒಂದು ಬಿಳಿಯ ಕುದುರೆ ನನ್ನ ಬುದ್ಧಿಯನ್ನು ತಿದ್ದಿತು.

ಔರಾದ ತಾಲ್ಲೂಕಿನ ಒಂದು ಹಳ್ಳಿ. ನನ್ನ ವಿದ್ಯಾರ್ಥಿಯೊಬ್ಬನ ಅಣ್ಣನ ಮದುವೆ. ಬೇಸಗೆಯ ದಿನ, ಹೊಲಗಳೆಲ್ಲ ಖಾಲಿ, ಹೊತ್ತು ಮುಳುಗಿ ಪಡುವಣ ದಿಕ್ಕು ಕೆಂಪಾಗಿತ್ತು. ಬೀದರಿನಿಂದ ತರಿಸಿದ ಬಿಳಿಯ ಹೆಣ್ಣು ಕುದುರೆಯ ಮೇಲೆ ವರ. ಮುಂದೆ ಹಲಗೆ, ಬ್ಯಾಂಡು. ಇಂಥ ಚಿತ್ರ ಮತ್ತೆ ಸಿಕ್ಕೀತೆ ಎಂದು ನಾನು ಗುಂಪನ್ನು ದಾಟಿ, ಕುದುರೆಯ ಮುಖದ ನೇರಕ್ಕೆ ಮೂರೇ ಹೆಜ್ಜೆ ದೂರದಲ್ಲಿ ಮಂಡಿಯೂರಿ, ಕ್ಯಾಮೆರಾದ ನೆತ್ತಿಗೆ ಸಿಕ್ಕಿಸಿದ್ದ ಫ್ಲ್ಯಾಷನ್ನು ಅದರ ಕಣ್ಣಿಗೆ ಹೊಡೆದೆ.

ಕುದುರೆಯ ಕಣ್ಣು ತಲೆಯ ಎರಡು ಪಕ್ಕಗಳಲ್ಲಿವೆ. ತಲೆ ತಿರುಗಿಸದೆಯೇ ಸುತ್ತಲಿನ 350 ಡಿಗ್ರಿಯಷ್ಟನ್ನು ಅದು ಕಾಣಬಲ್ಲದು. ಕಾಣದಿರುವುದು ಎರಡೇ ಕಡೆ: ಬೆನ್ನ ಹಿಂದೆ ನೇರಕ್ಕೆ, ಹಣೆಯ ಮುಂದೆ ತೀರ ಹತ್ತಿರಕ್ಕೆ. ಬೆಳಕಿನಿಂದ ಕತ್ತಲೆಗೆ, ಕತ್ತಲೆಯಿಂದ ಬೆಳಕಿಗೆ ಹೊಂದಿಕೊಳ್ಳುವುದಕ್ಕೆ ನಮಗಿಂತ ಹೆಚ್ಚು ಹೊತ್ತು ಬೇಕು ಅದಕ್ಕೆ. ಇದೆಲ್ಲ ನನಗೆ ಆಮೇಲೆ ತಿಳಿದ ಪಾಂಡಿತ್ಯ. ಆಗ ತಿಳಿದದ್ದು ಇಷ್ಟೇ: ಕುದುರೆ ಮುಂಗಾಲೆತ್ತಿ ನಿಂತಿತು, ವರ ಜಾರಿ ಸೋದರಮಾವನ ಮೇಲೆ ಬಿದ್ದ, ಪಟಗ ಮಣ್ಣುಪಾಲಾಯಿತು. ಕುದುರೆಯವನು ಮಾತ್ರ ಹಗ್ಗ ಬಿಡಲಿಲ್ಲ. ಬಿಟ್ಟಿದ್ದರೆ ಅದು ಹೆಂಗಸರು ಮಕ್ಕಳ ಗುಂಪಿನ ಮೇಲೆ ನುಗ್ಗುತ್ತಿತ್ತು. ಹತ್ತು ಮಾರು ಅವನನ್ನು ಎಳೆದುಕೊಂಡು ಹೋಗಿ ನಿಂತಿತು. ಹಗ್ಗ ಉಜ್ಜಿ ಅವನ ಬಲಗೈಯ ಅಂಗೈ ಚರ್ಮ ಸುಲಿದುಹೋಗಿತ್ತು.

ವರನಿಗೆ ಏನೂ ಆಗಲಿಲ್ಲ. ಆದರೆ ಅಪಶಕುನವಾಯಿತೆಂದು ಹಿರಿಯರು ಸಿಟ್ಟಾದರು. ಯಾರಾದರೂ ನನ್ನನ್ನು ಬೈದರೆ? ಇಲ್ಲ. ಮಗನ ಗುರುಗಳನ್ನು ಬೈಯುವುದು ಹೇಗೆ? ಕುದುರೆಯನ್ನು ಬೈದರು, ಪಳಗದ ಪ್ರಾಣಿಯನ್ನು ತಂದನೆಂದು ಕುದುರೆಯವನನ್ನು ಬೈದರು, ಗೊತ್ತುಮಾಡಿದ ಹಣದಲ್ಲಿ ಐದುನೂರು ರೂಪಾಯಿ ಕತ್ತರಿಸಿ ಕೈಗಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ಕ್ಯಾಮೆರಾದ ಗಾಜನ್ನು ಒರೆಸುತ್ತ ಸುಮ್ಮನಿದ್ದೆ. ಮದುವೆಯ ಊಟವನ್ನೂ ಮಾಡಿದೆ.

ರಾತ್ರಿ ಮನೆಯಲ್ಲಿ ಆ ಚಿತ್ರವನ್ನು ನೋಡಿದರೆ, ಕುದುರೆಯ ಎರಡು ಕಣ್ಣೂ ಹಸಿರು ದೀಪದಂತೆ ಉರಿಯುತ್ತಿದ್ದುವು. ಅದರ ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಒಂದು ಪದರವಿದೆ. ಬಂದ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಮುಖ, ಕೊರಳು, ವರ, ಎಲ್ಲವೂ ಸುಣ್ಣ ಬಳಿದ ಗೋಡೆಯಂತೆ ಚಪ್ಪಟೆ. ಅಷ್ಟು ಕೆಂಪಾಗಿದ್ದ ಆಕಾಶ ಮಸಿಯಂತೆ ಕಪ್ಪು. ಎಲ್ಲಿಯೂ ಒಂದು ನೆರಳಿಲ್ಲ. ಮತ್ತೆ ಆ ಚಿತ್ರದ ಬಲ ಅಂಚಿನಲ್ಲಿ, ಮಣಿಕಟ್ಟಿಗೆ ಕತ್ತರಿಸಿದಂತೆ ಒಂದು ಕೈ. ಆಗ ಎದ್ದುಹೋಗಿ ಆಲ್ಬಮ್ಮನ್ನು ತೆಗೆದು ನೋಡಿದೆ.

ಚೌಬಾರಾದ ಹಿಂದಿನ ಓಣಿಯಲ್ಲಿ ಕುದುರೆಯವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಓಣಿಯವರೆಲ್ಲ ಅವರನ್ನು ಚಾಚಾ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಅರವತ್ತು ದಾಟಿದ ಮನುಷ್ಯ. ಅಂಗೈಗೆ ಅರಿಸಿನ ಮೆತ್ತಿ ಬಟ್ಟೆ ಸುತ್ತಿದ್ದರು. ನಾನು ಕಾಲೇಜಿನಲ್ಲಿ ಅಷ್ಟು ವರ್ಷ ಮಾತನ್ನೇ ಮಾರಿ ಬದುಕಿದವನು, ಅಲ್ಲಿ ತೊದಲಿದೆ. ಸಾವಿರ ರೂಪಾಯಿ ಮುಂದಿಟ್ಟೆ. ಅವರು ಎಣಿಸಿದರು. "ಕತ್ತರಿಸಿದ್ದು ಐದುನೂರ ಅದ ರೀ. ಇದು ಹೆಚ್ಚಾತು" ಎಂದು ಐದುನೂರನ್ನು ಹಿಂದಕ್ಕೆ ಕೊಟ್ಟರು. ಕ್ಷಮೆಯ ಮಾತೇ ಬರಲಿಲ್ಲ. ಬದಲು ಕುದುರೆಯ ಮಾತು ಬಂತು. "ಬೆಳಕಿಗಿ ಅಕಿ ಅಂಜಲ್ಲ ಸರ್. ಮದವಿ ಮನ್ಯಾಗ ಎಷ್ಟು ಲೈಟ್ ನೋಡ್ಯಾಳ! ಹೇಳ್ದೆ ಹೊಡದ್ರಿ ನೋಡ್ರಿ, ಅದಕ ಅಂಜಿದ್ಳು. ಮೊದಲ ತೋರಸ್ರಿ."

ಹೀಗೆ ನನ್ನ ಪಾಠ ಆರಂಭವಾಯಿತು. ಕಾಲೇಜು ಮುಗಿದ ಮೇಲೆ ಓಣಿಗೆ ಹೋಗುವುದು. ಮೊದಲ ದಿನ ಫ್ಲ್ಯಾಷನ್ನು ಕುದುರೆಯ ಮೂಗಿಗೆ ಹಿಡಿದೆ. ಅದು ಮೂಸಿ, ತಿನ್ನುವ ವಸ್ತುವಲ್ಲವೆಂದು ತಿಳಿದು ಬಿಟ್ಟುಬಿಟ್ಟಿತು. ಎರಡನೆಯ ದಿನ ಮೂವತ್ತು ಅಡಿ ದೂರದಲ್ಲಿ ಗೋಡೆಯ ಕಡೆಗೆ ತಿರುಗಿಸಿ, ಅತಿ ಕಡಿಮೆ ಶಕ್ತಿಯಲ್ಲಿ ಮಿನುಗಿಸಿದೆ. ಕಿವಿ ಎರಡೂ ಅತ್ತ ತಿರುಗಿದುವು. ಚಾಚಾ ನನಗೆ ಕಣ್ಣು ನೋಡಬೇಡಿ, ಕಿವಿ ನೋಡಿ ಎಂದರು. ಕಿವಿ ಮುಂದಕ್ಕಿದ್ದರೆ ಕುತೂಹಲ. ಹಿಂದಕ್ಕೆ ಒತ್ತಿಕೊಂಡರೆ ಅಲ್ಲಿಗೇ ನಿಲ್ಲಿಸಬೇಕು. ನಾಲ್ಕೈದು ದಿನದಲ್ಲಿ ಅದು ನೆನೆದ ಕಡಲೆಯ ಬುಟ್ಟಿಯಿಂದ ತಲೆ ಎತ್ತುವುದನ್ನೇ ಬಿಟ್ಟಿತು. ನಡುವೆ ಒಂದು ದಿನ ಪುಸ್ತಕದಲ್ಲಿ ಓದಿಕೊಂಡು ಬಿಳಿಯ ಛತ್ರಿಯೊಂದನ್ನು ಒಯ್ದೆ. ಬೆಳಕನ್ನು ಮೃದುಗೊಳಿಸುವುದಕ್ಕೆ ಅದನ್ನು ಬಳಸುತ್ತಾರೆ. ಬಿಚ್ಚಿದ ಕ್ಷಣಕ್ಕೆ ಕುದುರೆ ಗೂಟ ಕೀಳಲು ನೋಡಿತು. ವಾಯುಪಡೆಯ ತರಬೇತಿ ವಿಮಾನಗಳು ತಲೆಯ ಮೇಲೆ ಗರ್ಜಿಸಿದರೂ ಅಲುಗದ ಪ್ರಾಣಿಗೆ ಛತ್ರಿ ರಾಕ್ಷಸನಾಗಿ ಕಂಡಿತು. ಛತ್ರಿಯನ್ನು ನನ್ನಾಕೆಗೆ ಕೊಟ್ಟುಬಿಟ್ಟೆ.

ಓಣಿಯಲ್ಲಿ ಕುಳಿತಾಗ ನಾನೂ ನನ್ನ ಸರಕನ್ನು ಬಿಚ್ಚುತ್ತಿದ್ದೆ. 1470ರ ಆಸುಪಾಸಿನಲ್ಲಿ ರಷ್ಯ ದೇಶದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಒಂದೇ ಒಂದು ಗಂಡು ಕುದುರೆಯನ್ನು ಹಡಗಿನಲ್ಲಿ ಹಾಕಿಕೊಂಡು ಚೌಲ್ ಬಂದರಿಗೆ ಬಂದಿಳಿದು, ಜುನ್ನರಿನ ಅಧಿಕಾರಿ ಅದನ್ನು ಕಸಿದುಕೊಳ್ಳಲು ಹೇಗೋ ಬಿಡಿಸಿಕೊಂಡು, ಇದೇ ಬೀದರಿಗೆ ತಂದು ಮಾರಿದ ಕಥೆಯನ್ನು ಹೇಳಿದೆ. ಆಗ ಇದು ಬಹಮನಿಗಳ ರಾಜಧಾನಿ. ಮಹಮೂದ ಗಾವಾನನ ಕಾಲ. ಆಳಂದದ ಜಾತ್ರೆಯಲ್ಲಿ ಸಾವಿರಗಟ್ಟಲೆ ಕುದುರೆ ಮಾರಾಟವಾಗುತ್ತಿದ್ದುದನ್ನೂ ಅವನು ಬರೆದಿಟ್ಟಿದ್ದಾನೆ. ಇದನ್ನೇ ತರಗತಿಯಲ್ಲಿ ಹೇಳಿದರೆ ಹುಡುಗರು ಆಕಳಿಸುತ್ತಾರೆ. ಚಾಚಾ ಕೇಳಿದ ಪ್ರಶ್ನೆಯೇ ಬೇರೆ: "ವರ್ಷಾನಗಟ್ಲೆ ಮೇಯಿಸಿದ್ನಲ್ಲ, ಖರ್ಚು ಎಷ್ಟಾತಂತ?" ನನ್ನ ಪುಣ್ಯಕ್ಕೆ ಆ ಮಹಾರಾಯ ಅದನ್ನೂ ಬರೆದಿದ್ದ: ಒಂದು ವರ್ಷ ಸಾಕಿದ್ದಕ್ಕೆ 68 ಹಣ. ಇಲ್ಲಿಯವರು ಕುದುರೆಗೆ ಕಡಲೆ ಹಾಕುತ್ತಾರೆ, ಕಿಚಡಿ ಬೇಯಿಸಿ ಹಾಕುತ್ತಾರೆ ಎಂದೂ ಬರೆದಿದ್ದ. ಚಾಚಾ ಬುಟ್ಟಿಯ ಕಡೆ ನೋಡಿ, "ಕಡ್ಲಿ ಅಂತೂ ಅದಾ. ಕಿಚಡಿ ನಮಗಾ ಸಿಕ್ಕರ ಸಾಕಾಗ್ಯಾದ" ಎಂದರು. ತಮ್ಮ ಕುದುರೆಯನ್ನು ಅವರು ಕೊಂಡದ್ದು ನಾಂದೇಡ ಜಿಲ್ಲೆಯ ಮಾಳೆಗಾವಿನ ಖಂಡೋಬನ ಜಾತ್ರೆಯಲ್ಲಿ. ಆಗ ಅದು ಬೂದಿಯ ಬಣ್ಣ. ಈ ಬಗೆಯ ಕುದುರೆ ಹುಟ್ಟುವಾಗ ಕಪ್ಪಾಗಿಯೋ ಕಂದಾಗಿಯೋ ಇದ್ದು ವಯಸ್ಸಾದಂತೆ ಬೆಳ್ಳಗಾಗುತ್ತದೆ. ನಮ್ಮ ಹಾಗೆಯೇ ಎಂದು ತಲೆ ಮುಟ್ಟಿ ತೋರಿಸಿದರು.

ಮುಸ್ಸಂಜೆಯಲ್ಲಿ ಫ್ಲ್ಯಾಷಿಟ್ಟು ಚಿತ್ರ ತೆಗೆಯುವ ಮರ್ಮವೆಲ್ಲ ಎರಡು ಬೆಳಕುಗಳ ಸಂಸಾರವನ್ನು ಒಂದೇ ಮನೆಯಲ್ಲಿ ಹೂಡುವುದರಲ್ಲಿದೆ. ಒಂದು ಆಕಾಶದ್ದು, ಇನ್ನೊಂದು ದೀಪದ್ದು. ಆಕಾಶದ ಬೆಳಕು ಬಡ್ಡಿಯಂತೆ: ಷಟರ್ ತೆರೆದಿದ್ದಷ್ಟು ಹೊತ್ತೂ ಬೆಳೆಯುತ್ತದೆ. ಫ್ಲ್ಯಾಷಿನ ಬೆಳಕು ಮುಯ್ಯಿಯಂತೆ: ಕೊಟ್ಟದ್ದು ಒಮ್ಮೆಗೇ ಕೊಟ್ಟು ಹೋಗುತ್ತದೆ, ಅದರ ಆಯುಸ್ಸು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕೂ ಕಡಿಮೆ. ಆದ್ದರಿಂದ ಆಕಾಶವನ್ನು ಎಷ್ಟು ಗಾಢ ಮಾಡಬೇಕೆಂಬುದನ್ನು ಷಟರಿನ ವೇಗದಿಂದ ನಿಶ್ಚಯಿಸಿಕೊಳ್ಳಬಹುದು. ಕುದುರೆಯ ಮೇಲೆ ಬೀಳುವ ಬೆಳಕಿಗೆ ಅದರಿಂದ ಬಾಧೆಯಿಲ್ಲ. ಅದನ್ನು ಹತೋಟಿಯಲ್ಲಿಡುವುದು ಗಾಜಿನ ಕಿಂಡಿಯ ಅಳತೆ ಮತ್ತು ದೀಪದ ದೂರ. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ದೀಪ ತೀರ ಹತ್ತಿರವಿದ್ದರೆ ಕುದುರೆಯ ಹೆಗಲು ಸುಣ್ಣದ ಗುಡ್ಡೆಯಾಗುತ್ತದೆ, ಬಾಲ ಕತ್ತಲೆಯಲ್ಲಿ ಮುಳುಗುತ್ತದೆ. ಷಟರಿಗೂ ಒಂದು ಮಿತಿಯುಂಟು. ನನ್ನ ಕ್ಯಾಮೆರಾದಲ್ಲಿ ಅದು ಸೆಕೆಂಡಿನ ಇನ್ನೂರರಲ್ಲೊಂದು ಪಾಲು. ಮೀರಿದರೆ ಚಿತ್ರದ ಒಂದು ಪಟ್ಟಿ ಕಪ್ಪಾಗಿಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ದೀಪ ನನ್ನ ಹಣೆಯ ಮೇಲಿರಬಾರದು. ನಾನು ನಿಂತ ಕಡೆಯಿಂದಲೇ ಬೆಳಕು ಹೊರಟರೆ ನೆರಳೆಲ್ಲ ವಸ್ತುವಿನ ಹಿಂದೆ ಅಡಗುತ್ತದೆ. ದೀಪ ಪಕ್ಕಕ್ಕೆ ಸರಿದರೆ ಮೂಳೆಗೆ ಮೂಳೆ ಕಾಣುತ್ತದೆ, ಅಯಾಲಿನ ಎಳೆಗೆ ಎಳೆ ಕಾಣುತ್ತದೆ. ಕಣ್ಣಿನ ಹಸಿರು ದೀಪವೂ ಆರುತ್ತದೆ. ಬಿದರಿಯ ಕೆಲಸದಲ್ಲಿ ಸತು ತಾಮ್ರಗಳ ಎರಕದ ಮೇಲೆ ಬೆಳ್ಳಿಯ ತಂತಿ ಕೂರಿಸಿದಾಗ ಎರಡೂ ಹೆಚ್ಚುಕಡಿಮೆ ಒಂದೇ ಬಣ್ಣ; ಹೂವು ಕಾಣುವುದೇ ಇಲ್ಲ. ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಕಪ್ಪು ಹಿಡಿಸಿದ ಮೇಲೆ ಬೆಳ್ಳಿ ಏಳುತ್ತದೆ. ಇದನ್ನು ಅರಿತ ದಿನ ನಾನು ತರಗತಿಯಲ್ಲಿ 'ಛಾಯಾಚಿತ್ರ' ಎಂದು ಅನುವಾದಿಸಿದ ಪುಣ್ಯಾತ್ಮನ ಬಗ್ಗೆ ಆಡಿದ ಹಾಸ್ಯವನ್ನು ವಾಪಸು ತೆಗೆದುಕೊಂಡೆ. ಹುಡುಗರು ಅದಕ್ಕೂ ನಕ್ಕರು.

ಆದರೆ ದೀಪವನ್ನು ಪಕ್ಕಕ್ಕೆ ಸರಿಸಿದರೆ ಹಿಡಿಯುವವರು ಯಾರು? ಇಲ್ಲೊಂದು ಫಜೀತಿ. ಮೊದಲು ನನ್ನ ವಿದ್ಯಾರ್ಥಿಯೊಬ್ಬ ಹಿಡಿದ. ಮಾರ್ಗಶಿರದಲ್ಲಿ ಅವನೊಡನೆ ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಹೋದೆ. ಮೈಲಾರ ಕುದುರೆಯೇರಿದ ದೇವರು. ನಮ್ಮ 'ಏಳುಕೋಟಿ'ಯೇ ಮರಾಠಿಯವರ ಬಾಯಲ್ಲಿ 'ಯಳಕೋಟ'ವಾಗಿ, ಅಲ್ಲಿ ಇಬ್ಬರದೂ ಒಂದೇ ಕೂಗು. ಹರಕೆಯ ಕುದುರೆಯೊಂದರ ಯಜಮಾನನಿಗೆ ಹೇಳಿ, ಕುದುರೆಗೂ ದೀಪ ತೋರಿಸಿ, ಹುಡುಗನನ್ನು ಅದರ ಹಿಂದಿನ ಓರೆಗೆ ದೂರದಲ್ಲಿ ನಿಲ್ಲಿಸಿದೆ. ಜನ ಭಂಡಾರ ಎರಚಿದರು. ಹಿಂದಿನಿಂದ ಬಂದ ಬೆಳಕಿನಲ್ಲಿ ಅರಿಸಿನದ ಪ್ರತಿ ಕಣವೂ ಹೊತ್ತಿಕೊಂಡು, ಕುದುರೆ ಬಂಗಾರದ ಮೋಡದಿಂದ ಹೊರಬಂದಂತೆ ಕಂಡಿತು. ಆ ಚಿತ್ರವನ್ನು ಎಲ್ಲರೂ ಮೆಚ್ಚಿದರು. ಕ್ಯಾಮೆರಾದೊಳಗೆ ಹೊಕ್ಕ ಭಂಡಾರ ಮಾತ್ರ ಇನ್ನೂ ಪೂರ್ತಿ ಹೊರಬಂದಿಲ್ಲ. ದೇವರ ಪ್ರಸಾದವೆಂದು ಸುಮ್ಮನಿದ್ದೇನೆ.

ಆ ಚಿತ್ರವನ್ನು ಚಾಚಾಗೆ ತೋರಿಸಲು ಹೋದಾಗ ನನ್ನ ಮದುವೆಯ ಆಲ್ಬಮ್ಮನ್ನೂ ಒಯ್ದಿದ್ದೆ. ಆ ಕೈ ಅವರದೇ ಆಗಿರಬಹುದೆಂದು ನನ್ನ ಮನಸ್ಸಿನಲ್ಲಿ ಏನೋ ಒಂದು ಕಥೆ ಕಟ್ಟಿಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು ನೋಡಿ ತಲೆಯಾಡಿಸಿದರು. "ಇದು ಉದಗೀರದವನ ಕೈ. ನೋಡ್ರಿ, ಲಗಾಮು ಮ್ಯಾಲಿಂದ ಹಿಡದಾನ. ಬೀದರದವ್ರು ನಾವು ಹಿಂಗ ಹಿಡ್ಯಲ್ಲ" ಎಂದರು. ನನ್ನ ಇಪ್ಪತ್ತು ವರ್ಷದ ಮುಖದ ಭೀತಿಯ ಮೇಲೆ ಅವರ ದೃಷ್ಟಿ ಹೊರಳಲೇ ಇಲ್ಲ. ಪುಟ ತಿರುಗಿಸುತ್ತ, ಸ್ವಲ್ಪ ಹೊತ್ತಾದ ಮೇಲೆ, "ಮೂವತ್ತು ವರ್ಷ ಆತು. ಎಷ್ಟು ಮಂದಿ ಮನ್ಯಾಗ ನಂದು ಕೈ ಅದನೋ ಏನೋ" ಎಂದರು. ದೂರಿನ ಧ್ವನಿಯಲ್ಲ, ಲೆಕ್ಕ ಹಾಕುವವರ ಧ್ವನಿ. ಆಮೇಲೆ, "ನಂದೂ ಒಂದು ತೆಗೀರಿ ಸರ್. ಮ್ಯಾಲ ಕೂಡ್ತೀನಿ."

ಮಾಘದ ಒಂದು ಸಂಜೆ ಅಷ್ಟೂರಿಗೆ ಹೋದೆವು. ಬಹಮನಿ ಸುಲ್ತಾನರ ಗೋರಿಗಳಿರುವ ಊರು; ಬೀದರಿಗೆ ಹತ್ತಿರ. ಬಹಳ ಹಿಂದೆ ಅಲ್ಲಿಗೆ ಮೊದಲ ಸಲ ಹೋಗಿದ್ದಾಗ ಅಹಮದ ಶಾಹ ವಲಿಯ ಗೋರಿಯೊಳಗೆ ಕತ್ತಲೆಯಲ್ಲಿ ಏನೂ ಕಾಣದೆ ನಿಂತಿದ್ದೆ. ಕಾವಲಿನ ಮುದುಕರು ಬಾಗಿಲ ಬಳಿ ಒಂದು ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನು ಒಳಗೆ ಎಸೆದರು. ಗುಮ್ಮಟದಲ್ಲಿ ಕೆಂಪು, ಹೊನ್ನಬಣ್ಣ ಅರಳಿ ನಿಂತುವು. ಎಲ್ಲರೂ ಮೇಲೆ ನೋಡಿದೆವು. ಕನ್ನಡಿ ಹಿಡಿದವರನ್ನು ಯಾರು ನೋಡಿದರು? ನಾನಂತೂ ನೋಡಲಿಲ್ಲ.

ಈ ಸಲ ನಾವು ಒಳಗೆ ಹೋಗಲಿಲ್ಲ. ಆವರಣದ ಹೊರಗೆ, ರಸ್ತೆ ಬದಿಯ ಬಯಲಲ್ಲಿ ನಿಂತೆವು. ಚಾಚಾ ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟಿದ್ದರು. ಬಿಳಿಯ ಕುದುರೆಯ ಮೇಲೆ ಬಿಳಿಯ ಅಂಗಿ! ಕ್ಯಾಮೆರಾ ಹಿಡಿದವನ ಎದೆ ಒಡೆಯುವುದಕ್ಕೆ ಇನ್ನೇನು ಬೇಕು? ಹೇಳಲು ಮನಸ್ಸಾಗಲಿಲ್ಲ. ಮದುವೆಯ ಜರಿ, ಗೊಂಡೆ, ಗೆಜ್ಜೆ ಒಂದೂ ಇಲ್ಲದೆ, ಜೀನು ಕೂಡ ಇಲ್ಲದೆ ಕುದುರೆ ಬರಿಮೈಯಲ್ಲಿತ್ತು. ನಾಲ್ಕು ಜನ ಎತ್ತಬೇಕಾಗಲಿಲ್ಲ. ಅಯಾಲನ್ನು ಒಂದು ಕೈಯಲ್ಲಿ ಹಿಡಿದು, ಅರವತ್ತು ದಾಟಿದ ಆ ಮನುಷ್ಯ ಹುಡುಗನಂತೆ ಮೇಲಕ್ಕೆ ಹಾರಿ ಕುಳಿತರು. ದಿನವೂ ಬೆಳಗಿನ ಜಾವ ಹೀಗೆಯೇ ತಿರುಗಾಡಿಸುತ್ತಾರಂತೆ. ಆಗ ನೋಡುವವರು ಯಾರೂ ಇರುವುದಿಲ್ಲ.

ದೀಪ ಹಿಡಿದವನು ಅವರ ಮೊಮ್ಮಗ; ಹನ್ನೊಂದು ವರ್ಷ. ಬಿದಿರಿನ ಗಳುವಿನ ತುದಿಗೆ ಫ್ಲ್ಯಾಷ್ ಕಟ್ಟಿ, ಅದಕ್ಕೆ ಕಿತ್ತಳೆ ಬಣ್ಣದ ತೆಳುಹಾಳೆ ಅಂಟಿಸಿದ್ದೆ. ಹಾಳೆಯಿಲ್ಲದಿದ್ದರೆ ಅಸ್ತಮಾನದ ಹೊತ್ತಿನಲ್ಲಿ ಫ್ಲ್ಯಾಷಿನ ಬೆಳಕು ಆಸ್ಪತ್ರೆಯ ಗೋಡೆಯಂತೆ ಬೆಳ್ಳಗೆ ಕಾಣುತ್ತದೆ. ಸೂರ್ಯ ಮುಳುಗಿದ ಮೇಲೆ ನಮ್ಮ ಸೀಮೆಯಲ್ಲಿ ಬಣ್ಣವಿರುವುದು ಇಪ್ಪತ್ತು, ಬಹಳವಾದರೆ ಇಪ್ಪತ್ತೈದು ನಿಮಿಷ. ಅದರಲ್ಲಿ ಐದು ನಿಮಿಷವನ್ನು ನನ್ನ ಗಾಬರಿ ತಿಂದಿತು. ಷಟರನ್ನು ಮಿತಿ ಮೀರಿ ತಿರುಗಿಸಿಟ್ಟಿದ್ದೆ. ಮೊದಲ ಚಿತ್ರದಲ್ಲಿ ಕುದುರೆಯ ಕಾಲುಗಳು ಕತ್ತಲೆಯ ಪಟ್ಟಿಯೊಳಗೆ ಹೋಗಿದ್ದುವು. ಚಾಚಾ ಅದನ್ನು ನೋಡಿ, "ಕಾಲ್ ಇಲ್ದ ಕುದರಿ ಯಾರು ಬಾಡಗಿಗಿ ತಗೋತಾರ?" ಎಂದರು.

ಸರಿಪಡಿಸಿಕೊಂಡೆ. ನಿಲ್ಲಿಸಿ ಒಂದೆರಡು, ನಡೆಸಿ ನಾಲ್ಕಾರು, ಓಡಿಸಿ ಒಂದಷ್ಟು. 1878ರಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಿ ಮೈಬ್ರಿಜ್ ಎಂಬಾತ ಹಾದಿಯುದ್ದಕ್ಕೂ ಹನ್ನೆರಡು ಕ್ಯಾಮೆರಾ ಸಾಲಾಗಿ ಇಟ್ಟು, ಅಡ್ಡಕ್ಕೆ ದಾರ ಕಟ್ಟಿ, ಕುದುರೆ ಓಡುತ್ತ ದಾರ ಹರಿದಂತೆಲ್ಲ ಅದರ ಚಿತ್ರ ಮೂಡುವಂತೆ ಮಾಡಿದ್ದ. ನಾಲ್ಕು ಗೊರಸೂ ಒಮ್ಮೆ ನೆಲ ಬಿಡುತ್ತವೆಂದು ಆಗ ಖಚಿತವಾಯಿತು. ಅವನಿಗೆ ಹಗಲಿನ ಬಿಸಿಲಿತ್ತು, ಹನ್ನೆರಡು ಕಣ್ಣಿದ್ದುವು. ನನಗೆ ಒಂದೇ ಕಣ್ಣು, ಅದಕ್ಕೂ ಚಾಳೀಸು. ಓಟದ ಚಿತ್ರ ಒಂದೂ ದಕ್ಕಲಿಲ್ಲ.

ಬೆಳಕು ಇನ್ನೇನು ಹೋಯಿತು ಎನ್ನುವಾಗ ಚಾಚಾ ಕುದುರೆಯನ್ನು ನಿಲ್ಲಿಸಿದರು. ಹುಡುಗ ಗಳು ಎತ್ತಿಹಿಡಿದು, ನಾಲಿಗೆ ಲೊಚಗುಟ್ಟಿ ಅದನ್ನು ಕರೆದ. ಕುದುರೆ ಕತ್ತು ತಿರುಗಿಸಿ, ಎರಡು ಕಿವಿಯನ್ನೂ ಮುಂದೆ ಮಾಡಿ, ದೀಪದ ಕಡೆ ನೋಡಿತು. ನನ್ನ ಕಡೆ ಅಲ್ಲ.

ಚಿತ್ರವನ್ನು ದೊಡ್ಡದಾಗಿ ಮುದ್ರಿಸಲು ಕೊಟ್ಟಾಗ ಅಂಗಡಿಯ ಹುಡುಗ, "ಸರ್, ಎಡಕ್ಕೊಂದು ಕೋಲು ಬಂದದ. ಕತ್ತರಿಸ್ಲಾ?" ಎಂದು ಕೇಳಿದ. ನಾನು ಅದನ್ನು ನೋಡಿರಲಿಲ್ಲ. ಕತ್ತರಿಸಬೇಡ ಎಂದೆ.

ಚೌಕಟ್ಟು ಹಾಕಿಸಿ ಒಯ್ದುಕೊಟ್ಟೆ. ನೀಲಿಗಟ್ಟಿದ ಆಕಾಶ, ಮೂಲೆಯಲ್ಲಿ ಗುಮ್ಮಟದ ಕಪ್ಪು. ಮುಖದ ಅರ್ಧ ಬೆಳಕು, ಅರ್ಧ ನೆರಳಾಗಿ ಚಾಚಾ. ಹಗ್ಗ ಹಿಡಿದ ಬಲಗೈಯಲ್ಲಿ ಔರಾದಿನ ಗಾಯದ ಕಲೆಯ ಅಂಚು. ಅವರು ಮೊದಲು ನೋಡಿದ್ದು ತಮ್ಮ ಮುಖವನ್ನಲ್ಲ. "ಕಿವಿ ಚಂದ ಬಂದಾವ" ಎಂದರು. ಮೊಮ್ಮಗ ನುಗ್ಗಿ ಬಂದು, "ನಾ ಎಲ್ಲಿದ್ದೀನಿ?" ಎಂದ. ಚಾಚಾ ಚಿತ್ರದ ಎಡ ಅಂಚಿನ ಮೇಲೆ ಬೆರಳಿಟ್ಟರು. ಆಕಾಶದ ಮೇಲೆ ಕಪ್ಪಾಗಿ ಒಂದು ಗೇಣು ಬಿದಿರು, ಅದನ್ನು ಸುತ್ತಿದ ಒಂದು ಪುಟ್ಟ ಮುಷ್ಟಿ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಅದನ್ನು ಬಹಳ ಹೊತ್ತು ನೋಡಿದರು.

"ಬರಾಬರ್ ಹಿಡದೀ" ಎಂದರು.